ನಲವತ್ತೇಳು ಎಲೆ

ವಿನ್ನೆಮಕ್ಕದಲ್ಲಿ ರಾತ್ರಿ ಎರಡಕ್ಕೆ ಗೂಡ್ಸ್ ರೈಲು ಹಾಯುತ್ತದೆ.
ಬಾರಿನ ಲೋಟಗಳು ತಮ್ಮತಮ್ಮಲ್ಲೇ ಕಿಣಿಗುಟ್ಟುತ್ತವೆ.
ನಾನು ವಿಡಿಯೊ ಪೋಕರ್ ಯಂತ್ರಗಳ ರಿಪೇರಿಯವನು. ಹನ್ನೊಂದು ವರ್ಷದಿಂದ
ಇವುಗಳ ಹೊಟ್ಟೆ ಬಿಚ್ಚಿ ಧೂಳು ಊದಿದ್ದೇನೆ,
ನೋಟು ನುಂಗುವ ಬಾಯಿಂದ ಚೂಯಿಂಗ್ ಗಮ್ಮು ಕಿತ್ತಿದ್ದೇನೆ.
ಒಳಗೆ ಯಾರೂ ಇಲ್ಲ.
ಹೇಳಿದರೆ ಯಾರೂ ನಂಬುವುದಿಲ್ಲ.

ಮೈತೆ ಎರ್ರೆಕಾರ್ಟ್ ನಂಬಿದ್ದಾಳೆ.
ಮಂಗಳವಾರ, ಶುಕ್ರವಾರ. ನಲವತ್ತು ಡಾಲರು,
ಒಂದು ಕಾಫಿ, ಕೈಗಡಿಯಾರ ಬಿಚ್ಚಿ ಬಟ್ಟಲ ಪಕ್ಕಕ್ಕೆ.
ಗೋಡೆಗೆ ಗಡಿಯಾರ ಹಾಕದ ಜಾಗವಿದು, ಅವಳಿಗೆ ಗೊತ್ತು.
ಕೂರುವ ಮುಂಚೆ ಕನ್ನಡಕ ಏರಿಸಿ
ಗಾಜಿನ ಮೇಲಿನ ಅಂಕಿ ಓದುತ್ತಾಳೆ,
ಔಷಧಿ ಸೀಸೆಯ ಚೀಟಿ ಓದುವ ಹಾಗೆ:
ಫುಲ್ ಹೌಸಿಗೆ ಒಂಬತ್ತು, ಫ್ಲಶ್ಶಿಗೆ ಆರು.
ಪಕ್ಕದ ಯಂತ್ರದಲ್ಲಿ ಎಂಟು, ಐದು. ಅದೇ ಬೆಳಕು, ಅದೇ ಸಂಗೀತ,
ಕುರ್ಚಿ ಇನ್ನೂ ಮೆತ್ತಗೆ.
ಅಲ್ಲಿ ಅವಳು ಕೂತದ್ದನ್ನು ನಾನು ಕಂಡಿಲ್ಲ.

ಅಲ್ಲಿ ಕೂರುವವನು ಓರ್ವಿಲ್. ಅವನ ಟ್ರಕ್ಕು ಹೊರಗೆ ಏದುಸಿರು ಬಿಡುತ್ತಿರುತ್ತದೆ.
ಹಾಲಿಳಿಸದ ಹಸುವನ್ನು ಪುಸಲಾಯಿಸುವಂತೆ ಯಂತ್ರದ ಬೆನ್ನು ಸವರುತ್ತಾನೆ.
'ಈಗ ಕೊಡಲೇಬೇಕು, ಮೂರು ಗಂಟೆಯಿಂದ ತಿಂದಿದೆ.'
ತಿಂದದ್ದರ ನೆನಪು ಅದಕ್ಕಿಲ್ಲ ಮಾರಾಯ,
ಗುಂಡಿ ಒತ್ತಿದಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ,
ನಿನ್ನ ಹೆಸರೇ ಕೇಳಿಲ್ಲ ಅದು.
ಇದನ್ನೆಲ್ಲ ಆಡಬಾರದೆಂದು ಸಂಬಳ ಕೊಡುವವರ ತಾಕೀತು.
ನಾನು ಸ್ಕ್ರೂ ಬಿಗಿ ಮಾಡುತ್ತೇನೆ.

ಮೈತೆ ಇಪ್ಪತ್ತಾರು ವರ್ಷ ಜಿಲ್ಲೆಯ ತುರ್ತು ಫೋನಿಗೆ ಕೂತವಳು.
ರಾತ್ರಿ ಪಾಳಿ. ಹೈವೇಯಲ್ಲಿ ಮಗುಚಿದ ಕಾರಿಂದ,
ಉಸಿರು ನಿಂತ ಕೂಸಿನ ಪಕ್ಕದಿಂದ, ಬಂದೂಕಿರುವ ಅಡುಗೆಮನೆಯಿಂದ
ಕೂಗಿದವರಿಗೆಲ್ಲ ಒಂದೇ ದನಿ:
'ಮೊದಲು ವಿಳಾಸ ಹೇಳಿ.'
ಆ ದನಿ ಈಗ ಅವಳ ಬೆರಳಿಗೆ ಇಳಿದಿದೆ.
ಚಿಕ್ಕ ಜೋಡಿ ಬಂದರೆ ಜೋಡಿಯನ್ನಷ್ಟೇ ಹಿಡಿಯುತ್ತಾಳೆ,
ಜೊತೆಗೊಂದು ಎಕ್ಕ ಎಷ್ಟು ಮಿರುಗಿದರೂ ಸರಿ, ಬಿಟ್ಟಳು.
ಒಂದು ಸಲ ಕೇಳಿದ್ದೆ, ಬೇಜಾರಾಗಲ್ಲವಾ?
'ಆಗುತ್ತೆ. ಬೇಜಾರಾದರೆ ಸರಿಯಾಗಿ ಆಡ್ತಿದೀನಿ ಅಂತ ಲೆಕ್ಕ.'

ಕಳೆದ ಶುಕ್ರವಾರ. ರೈಲು ಹೋಗಿ ಸ್ವಲ್ಪ ಹೊತ್ತು.
ಐದೂ ಎಲೆ ಆಟೀನು, ಪರದೆ ಪೂರಾ ಕೆಂಪು:
ಹತ್ತು, ಗುಲಾಮ, ರಾಣಿ, ರಾಜ,
ಕೊನೆಗೆ, ಕರೆಯದೆ ಬಂದ ನೆಂಟನಂತೆ, ಒಂದು ನಾಲ್ಕು.
ಹಾಗೇ ಇಟ್ಟುಕೊಂಡರೆ ಏಳೂವರೆ ಡಾಲರು, ಜೇಬಿಗೆ ಬಿದ್ದಂತೆಯೇ.
ನಾಲ್ಕನ್ನು ಎಸೆದರೆ, ಉಳಿದ ನಲವತ್ತೇಳರಲ್ಲಿ
ಆ ಎಕ್ಕ ಒಂದೇ. ಸಾವಿರ ಡಾಲರು.
ಓರ್ವಿಲ್ ಎದ್ದೇ ನಿಂತ. 'ಮುಟ್ಟಬೇಡ! ಬಂದದ್ದು ಬಿಡಬೇಡ!'
ನಾನೂ, ಹೇಳಲು ನಾಚಿಕೆ, ಉಸಿರು ಬಿಗಿಹಿಡಿದೆ.
ಎಚ್ಚರವೆಂದರೆ ಸಿಕ್ಕಿದ್ದನ್ನು ಅವಚಿಕೊಳ್ಳುವುದು ಎಂದೇ ತಿಳಿದಿದ್ದೆ
ಅಲ್ಲಿಯ ತನಕ.

ಆ ಲೆಕ್ಕವನ್ನು ಅವಳು ಎಂದೋ ಮಾಡಿ ಮುಗಿಸಿದ್ದಳು,
ಮನೆಯಲ್ಲಿ, ಹಗಲಲ್ಲಿ, ಪೆನ್ಸಿಲ್ ಹಿಡಿದು, ಎದೆ ತಣ್ಣಗಿದ್ದಾಗ.
ನಾಲ್ಕು ಎಲೆ ಹಿಡಿದಳು. ನಾಲ್ಕನ್ನು ಬಿಟ್ಟಳು.

ಬಂತು ಕಳಾವರ್ ಮೂರು.

ಏನೂ ಇಲ್ಲ. ಏಳೂವರೆಯೂ ಇಲ್ಲ.
ಓರ್ವಿಲ್ ಹಣೆ ಚಚ್ಚಿಕೊಂಡ, ತನ್ನದೇ ಹೋದ ಹಾಗೆ.
ಮೈತೆ ಕಾಫಿ ಗುಟುಕರಿಸಿ 'ಸರಿಯಾಗೇ ಆಡಿದೆ' ಅಂದಳು,
ಯಾರಿಗೂ ಅಲ್ಲ. ಹೆಬ್ಬೆರಳು ಮಾತ್ರ
ಬಟ್ಟಲಿನ ಕಿವಿಯನ್ನು ತುಂಬ ಹೊತ್ತು ಉಜ್ಜುತ್ತಿತ್ತು.
ಆ ಫೋನುಗಳಲ್ಲೂ ಕೆಲವು ಹೀಗೇ ಮುಗಿದಿರಬೇಕು:
ಹೇಳಬೇಕಾದ್ದನ್ನೆಲ್ಲ ಸರಿಯಾಗಿ ಹೇಳಿ,
ಆಮೇಲೆ ಆ ಕಡೆ ಮೌನ.
ನಾನು ಕೇಳಲಿಲ್ಲ.

ಇನ್ನೊಂದು ನೋಟಿಗೆ ಚೀಲ ತೆರೆಯಲಿಲ್ಲ.
ಗಡಿಯಾರದಲ್ಲಿ ಹನ್ನೆರಡು ನಿಮಿಷ ಉಳಿದಿತ್ತು, ಅಷ್ಟನ್ನೂ
ಮೊದಲಿನ ನಡಿಗೆಯಲ್ಲೇ ಆಡಿದಳು, ಅವಸರವಿಲ್ಲ, ಸೇಡಿಲ್ಲ.
ಯಂತ್ರ ಚೀಟಿ ಉಗುಳಿತು: ಹನ್ನೊಂದು ಡಾಲರು ಇಪ್ಪತ್ತೈದು ಸೆಂಟು.
ಬಟ್ಟಲ ಕೆಳಗೆ ಎರಡು ಡಾಲರು ಇಟ್ಟು, ಗಡಿಯಾರ ಕಟ್ಟಿಕೊಂಡು ಹೊರಟಳು.
ಬಾಗಿಲು ತೆರೆದಾಗ ಸೇಜ್ ಪೊದೆಗಳ ಕಹಿ ಗಾಳಿ ಒಳಬಂತು.

ಕುರ್ಚಿಯ ಬಿಸಿ ಆರುವ ಮುನ್ನ ಓರ್ವಿಲ್ ಅಲ್ಲಿಗೆ ಜಾರಿದ.
'ಎಕ್ಕ ಹೊಸ್ತಿಲ ತನಕ ಬಂದು ನಿಂತಿದೆ, ನೋಡ್ತಿರು.'
ಕೀಲಿಗೊಂಚಲು ಜೇಬಿಗಿಳಿಸಿ ಅವನ ಹಿಂದೆ ನಿಂತೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾಯಿ ತೆರೆದೆ.
'ಓರ್ವಿಲ್,' ಅಂದೆ, 'ಹೊರಗೆ ಟ್ರಕ್ಕು ಇನ್ನೂ ಓಡ್ತಾ ಇದೆ.'